ಮರಳುಗಾಡಿನ ಸವಾರಿ ಹಾದಿ ಬಿಡದಿರಲಿ

ಮಾನ್ಯ ಸಂಪಾದಕರೇ,

ಚಳಿಗಾಲದ ರಜೆಯಲ್ಲಿ ಮೈಸೂರಿನಿಂದ ಜೈಸಲ್ಮೇರಿಗೆ ಹೋಗುವ ಅನೇಕರು ಸಮ್ ಮರಳುದಿಬ್ಬಗಳ ಮೇಲಿನ ಸಂಜೆಯ ಜೀಪ್ ಸವಾರಿಗೆ ಮನಸೋಲುತ್ತಾರೆ. ಟೈರಿನ ಗಾಳಿಯನ್ನು ತುಸು ಇಳಿಸಿ, ಮರಳಿನಲ್ಲಿ ಹೂತುಕೊಳ್ಳದಂತೆ ದಿಬ್ಬವೇರುವ ಚಾಲಕರ ಕೌಶಲ, ಇಳಿಬಿಸಿಲಿಗೆ ಕೆಂಪೇರುವ ಮರಳು ಎರಡೂ ನೋಡತಕ್ಕವೇ. ಆದರೆ ಸಮೀಪದಲ್ಲೇ 3,000 ಚದರ ಕಿಲೋಮೀಟರಿಗೂ ಮಿಗಿಲಾಗಿ ಹರಡಿರುವ ಮರುಭೂಮಿ ರಾಷ್ಟ್ರೀಯ ಉದ್ಯಾನವು, ನಮ್ಮ ಸಿರುಗುಪ್ಪದ ಬಯಲಿನಲ್ಲಿ ಬೆರಳೆಣಿಕೆಯಷ್ಟೇ ಉಳಿದಿರುವ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯ ಪ್ರಮುಖ ನೆಲೆಯಾಗಿದ್ದು, ಈ ಹಕ್ಕಿ ಬರಿನೆಲದ ಮೇಲೆ ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆಯಿಡುತ್ತದೆ. ಮರಳನ್ನು ಹಿಡಿದಿಡುವ ಸೇವಣ ಹುಲ್ಲೂ ಚಕ್ರಕ್ಕೆ ಸಿಕ್ಕರೆ ಉಳಿಯದು. ಆದ್ದರಿಂದ ಮೈಸೂರಿನ ಪ್ರವಾಸ ಏಜೆಂಟರು, ಬುಕಿಂಗ್ ಪಡೆಯುವಾಗಲೇ, ನಿಗದಿತ ಹಾದಿಯಲ್ಲಷ್ಟೇ ಜೀಪ್ ಓಡಿಸುವ ಚಾಲಕರನ್ನು ಗೊತ್ತುಮಾಡಬೇಕೆಂದು ಕಳಕಳಿಯಿಂದ ಕೋರುತ್ತೇನೆ.

– ಓರ್ವ ಓದುಗ, ಸರಸ್ವತಿಪುರಂ, ಮೈಸೂರು