ಹೆಪಟೈಟಿಸ್ ಸಿ: ಪರೀಕ್ಷೆಗೆ ಹಿಂಜರಿಕೆ ಬೇಡ

ಮಾನ್ಯ ಸಂಪಾದಕರೇ,

ಜುಲೈ 28 ವಿಶ್ವ ಹೆಪಟೈಟಿಸ್ ದಿನ. ಅಂದು ಒಂದಿಷ್ಟು ಸುದ್ದಿ ಬರುತ್ತದೆ, ಆಮೇಲೆ ಎಲ್ಲರೂ ಮರೆತುಬಿಡುತ್ತೇವೆ. ಆದರೆ ಹೆಪಟೈಟಿಸ್ ಸಿ ಎಂಬ ವೈರಸ್ ಸೋಂಕು ವರ್ಷಗಟ್ಟಲೆ ಸದ್ದಿಲ್ಲದೆ ಲಿವರ್ ಹಾಳುಮಾಡುತ್ತಿರುತ್ತದೆ. ಜ್ವರ, ಕಾಮಾಲೆ ಏನೂ ಕಾಣಿಸದೇ ಇರಬಹುದು. ಗೊತ್ತಾಗುವ ಹೊತ್ತಿಗೆ ಸಿರೋಸಿಸ್ (ಲಿವರ್ ಗಾಯಗೊಂಡು ಗಟ್ಟಿಯಾಗುವುದು) ಅಥವಾ ಲಿವರ್ ಕ್ಯಾನ್ಸರ್ ಆಗಿರುವುದೂ ಉಂಟು.

ಇದು ಹರಡುವುದು ಮುಖ್ಯವಾಗಿ ರಕ್ತದಿಂದ. ಒಬ್ಬರಿಗೆ ಚುಚ್ಚಿದ ಸೂಜಿಯನ್ನು ಇನ್ನೊಬ್ಬರಿಗೆ ಬಳಸಿದರೆ, ಸರಿಯಾಗಿ ಶುದ್ಧ ಮಾಡದ ಉಪಕರಣದಿಂದ ಹಲ್ಲಿನ ಚಿಕಿತ್ಸೆಯೋ ಹಚ್ಚೆಯೋ ಮಾಡಿದರೆ ಅಪಾಯ. ಜೊತೆಗೆ ಕೂತು ಊಟ ಮಾಡಿದರೆ, ಅಪ್ಪಿಕೊಂಡರೆ ಬರುವುದಿಲ್ಲ. ಆದರೂ ರೋಗಿಗಳನ್ನು ಸುಮ್ನೆ ದೂರ ಇಡುತ್ತಾರೆ. ಇದು ತುಂಬಾ ನೋವಿನ ಸಂಗತಿ. ಆ ಭಯಕ್ಕೇ ಎಷ್ಟೋ ಜನ ಪರೀಕ್ಷೆಗೆ ಹೋಗುವುದಿಲ್ಲ.

ಲಸಿಕೆ ಇಲ್ಲ, ನಿಜ. ಆದರೆ ಸಾಮಾನ್ಯವಾಗಿ 12 ವಾರ ಮಾತ್ರೆ ತಗೊಂಡರೆ 100ರಲ್ಲಿ ಸುಮಾರು 95 ಜನ ಪೂರ್ತಿ ಗುಣವಾಗುತ್ತಾರೆ. ಇಷ್ಟು ಒಳ್ಳೆಯ ಸುದ್ದಿ ಎಲ್ಲರಿಗೂ ಗೊತ್ತಿರಬೇಕು ಅಲ್ವಾ? ದಾನದ ರಕ್ತವನ್ನು ಈ ವೈರಸ್‌ಗಾಗಿ ಕಡ್ಡಾಯವಾಗಿ ಪರೀಕ್ಷಿಸುವ ಮೊದಲು ರಕ್ತ ಪಡೆದವರು, ಡಯಾಲಿಸಿಸ್ ಮಾಡಿಸಿಕೊಳ್ಳುವವರು ಪರೀಕ್ಷೆ ಮಾಡಿಸಿಕೊಳ್ಳಲಿ. ವೈರಸ್ ಎಂದಾದರೂ ದೇಹಕ್ಕೆ ಬಂದಿತ್ತೇ ಎಂದು ತೋರಿಸುವ ಆಂಟಿಬಾಡಿ ಪರೀಕ್ಷೆ ಪಾಸಿಟಿವ್ ಬಂದರೆ ಗಾಬರಿ ಬೇಡ. ವೈರಸ್ ಈಗಲೂ ಇದೆಯೋ ಇಲ್ಲವೋ ಎಂಬುದನ್ನು ಆರ್‌ಎನ್‌ಎ ಪರೀಕ್ಷೆ ಹೇಳುತ್ತದೆ. ಈ ಮಾಹಿತಿಯನ್ನು ನಿಮ್ಮ ಪತ್ರಿಕೆ ಆಗಾಗ ಪ್ರಕಟಿಸಲಿ ಎಂದು ಕೇಳಿಕೊಳ್ಳುತ್ತೇನೆ.

— ಒಬ್ಬ ಓದುಗ