ನ್ಯಾನೊ ಸಿಂಪಡಣೆ: ಬಸುರಿಯರ ಬಗ್ಗೆ ಯೋಚಿಸಿ

ಮಾನ್ಯರೆ,

ನಮ್ಮ ಕಾಫಿ ತೋಟಗಳಿಗೂ ‘ನ್ಯಾನೊ’ ಹೆಸರಿನ ಗೊಬ್ಬರದ ಬಾಟಲಿಗಳು ಬಂದಿವೆ. ಮೂಟೆ ಹೊರುವ ಕಷ್ಟ ತಪ್ಪಿದ್ದು ಸಂತೋಷವೇ. ಆದರೆ ನ್ಯಾನೊ ಎಂದರೆ ಅತಿ ಸೂಕ್ಷ್ಮ ಕಣ; 100 ನ್ಯಾನೊಮೀಟರಿಗಿಂತ (ಒಂದು ನ್ಯಾನೊಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲೊಂದು ಭಾಗ) ಸಣ್ಣ ಕಣ ಜೀವಕೋಶದೊಳಕ್ಕೂ ನುಗ್ಗಬಲ್ಲದು. ಬೆಳ್ಳಿಯ ನ್ಯಾನೊ ಕಣಗಳು ಇಲಿಯ ವೀರ್ಯಾಣು ಮೂಲಕೋಶಗಳಿಗೆ ಹಾನಿ ಮಾಡಿದ್ದು, ಜೀಬ್ರಾ ಮೀನಿನ ಮೊಟ್ಟೆಯ ಪೊರೆ ದಾಟಿ ಭ್ರೂಣವನ್ನು ವಿಕಾರಗೊಳಿಸಿದ್ದು ಪ್ರಯೋಗಾಲಯದಲ್ಲಿ ಕಂಡಿದೆ. 2011ರಲ್ಲಿ ಜಪಾನಿನ ವಿಜ್ಞಾನಿಗಳು ಗಬ್ಬದ ಇಲಿಗಳಿಗೆ 70 ನ್ಯಾನೊಮೀಟರಿನ ಸಿಲಿಕಾ (ಮರಳಿನಲ್ಲಿರುವ ವಸ್ತು) ಕಣ ಚುಚ್ಚಿದಾಗ ಅದು ಮಾಸು ದಾಟಿ ಮರಿಯ ಮಿದುಳಿಗೂ ಸೇರಿತ್ತು, ಮರಿಗಳು ಸಣಕಲಾಗಿದ್ದವು. ಅದೇ ಸಿಲಿಕಾದ ದಪ್ಪ ಕಣಗಳಿಂದ ಹೀಗಾಗಲಿಲ್ಲ! ಅಂದರೆ ವಸ್ತುವಷ್ಟೇ ಅಲ್ಲ, ಗಾತ್ರವೂ ಮುಖ್ಯ.

ಗೊಬ್ಬರದ ಕಣ ಬೇರೆ, ಬೆಳ್ಳಿ ಕಣ ಬೇರೆ, ನಿಜ. ಆದರೂ ಸ್ಪ್ರೇ ಹೊಡೆಯುವಾಗ ಪಕ್ಕದ ಸಾಲಿನಲ್ಲೇ ಲೈನ್ ಮನೆಯ (ತೋಟದ ಕಾರ್ಮಿಕರ ವಸತಿಯ) ಹೆಂಗಸರು ಕೆಲಸದಲ್ಲಿರುತ್ತಾರೆ. ಮೂಗಿಗೆ ಸೆರಗು ಬಿಟ್ಟರೆ ಬೇರೇನಿಲ್ಲ. ತಾನು ಬಸುರಿ ಎಂದು ತಿಳಿಯುವ ಮೊದಲಿನ ವಾರಗಳೇ ಭ್ರೂಣಕ್ಕೆ ತೀರಾ ಸೂಕ್ಷ್ಮ. ತೋಟದ ನೀರೂ ತೋಡು ಹಿಡಿದು ಕಾವೇರಿಗೇ ಇಳಿಯುತ್ತದೆ.

ಕಣದ ಗಾತ್ರ, ಸಂತಾನಶಕ್ತಿಯ ಮೇಲಿನ ಪರೀಕ್ಷೆಯ ಫಲಿತಾಂಶ ಬಾಟಲಿಯ ಮೇಲೆ ಕನ್ನಡದಲ್ಲಿ ಅಚ್ಚಾಗಲಿ. ಸಿಂಪಡಣೆಯ ದಿನ ಹೆಂಗಸರಿಗೆ ದೂರದ ಕೆಲಸ ಕೊಡುವಂತೆ ಬೆಳೆಗಾರ ಮಿತ್ರರಲ್ಲಿ ಕೈಮುಗಿದು ಕೇಳುತ್ತೇನೆ.

– ಕಾಫಿ ಬೆಳೆಗಾರ, ಸಿದ್ದಾಪುರ, ಕೊಡಗು