ಹಾರುವ ತಟ್ಟೆಗೆ ‘ಬೇಗ ಹೊಡಿ’ ಎಂಬ ಪಾಠ ಬೇಡ

ಮಾನ್ಯ ಸಂಪಾದಕರೇ,

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ಕೀಟ್ (ಯಂತ್ರ ಎಸೆದ ತಟ್ಟೆಯನ್ನು ಗಾಳಿಯಲ್ಲೇ ಕೋವಿಯಿಂದ ಒಡೆಯುವ ಸ್ಪರ್ಧೆ) ಮಿಶ್ರ ತಂಡ ವಿಭಾಗದ ಕಂಚು ಮಹೇಶ್ವರಿ ಚೌಹಾಣ್ ಮತ್ತು ಅನಂತ್‌ಜೀತ್ ಸಿಂಗ್ ನರೂಕಾ ಅವರ ಕೈತಪ್ಪಿದ್ದು ಒಂದೇ ಒಂದು ತಟ್ಟೆಯಿಂದ: ಚೀನಾ 44, ಭಾರತ 43. ಇಷ್ಟು ಸಣ್ಣ ಅಂತರದ ಆಟದಲ್ಲಿ ವೇಗದ ಬಗ್ಗೆ ಎಲ್ಲರೂ ಮಾತನಾಡುವುದು ಸಹಜ. ಆದರೆ ಸ್ಕೀಟ್ ಅಥವಾ ಅಂಥದೇ ಇನ್ನೊಂದು ಸ್ಪರ್ಧೆಯಾದ ಟ್ರ್ಯಾಪ್ ಕಲಿಯಲು ಬರುವ ಹುಡುಗ ಹುಡುಗಿಯರಿಗೆ ಬೆನ್ನ ಹಿಂದಿನಿಂದ ಮೊದಲು ಕೇಳಿಸುವ ಸಲಹೆ ‘ಬೇಗ ಹೊಡಿ’ ಎಂಬುದು. ಅವರ ವೇಗವನ್ನು ಕೆಡಿಸುವುದೂ ಇದೇ ಸಲಹೆ. ಕೋವಿ ಮನೆಮಾತಾಗಿರುವ ಕೊಡಗಿನ ಎಳೆಯರು ಈ ಕ್ರೀಡೆಗೆ ಬರುವಾಗ ಇದನ್ನು ವಿವರವಾಗಿ ಹೇಳುವುದು ಅಗತ್ಯವೆನಿಸಿ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ ನೋಡೋಣ. ಒಲಿಂಪಿಕ್ ಟ್ರ್ಯಾಪ್‌ನಲ್ಲಿ ಸ್ಪರ್ಧಿ, ತಟ್ಟೆ ಎಸೆಯುವ ಯಂತ್ರಗಳಿರುವ ಬಂಕರಿಗಿಂತ 15 ಮೀಟರ್ ಹಿಂದೆ ನಿಂತಿರುತ್ತಾರೆ. ಒಬ್ಬೊಬ್ಬರ ಮುಂದೆಯೂ ಮೂರು ಯಂತ್ರಗಳು. ಯಾವುದು ತಟ್ಟೆ ಎಸೆಯುತ್ತದೆ ಎಂಬುದು ಗೊತ್ತಿರುವುದಿಲ್ಲ. ಎಡಕ್ಕೋ ಬಲಕ್ಕೋ 45 ಡಿಗ್ರಿಯವರೆಗೂ ಓರೆಯಾಗಿ ಹೋಗಬಹುದು. 110 ಮಿಲಿಮೀಟರ್ ಅಗಲದ ಆ ತಟ್ಟೆ 76 ಮೀಟರ್ ದೂರ ಹೋಗುವಂತೆ ಯಂತ್ರವನ್ನು ಹೊಂದಿಸಿರುತ್ತಾರೆ. ವೇಗ ಗಂಟೆಗೆ 100 ಕಿಲೋಮೀಟರಿನ ಆಸುಪಾಸು, ಅಂದರೆ 0.1 ಸೆಕೆಂಡಿಗೆ ಸುಮಾರು ಎರಡೂವರೆ ಮೀಟರ್. ಒಳ್ಳೆಯ ಟ್ರ್ಯಾಪ್ ಗುರಿಕಾರರ ಮೊದಲ ಈಡು (ಗುಂಡಿನ ಹೊಡೆತ) ತಟ್ಟೆ ಹೊರಬಂದ 0.6ರಿಂದ 0.8 ಸೆಕೆಂಡಿನೊಳಗೆ ಮುಗಿದಿರುತ್ತದೆ. ಆಗ ತಟ್ಟೆ ಅವರಿಂದ 32–35 ಮೀಟರ್ ದೂರದಲ್ಲಿರುತ್ತದೆ.

ತಡವಾದರೆ ಆಗುವ ನಷ್ಟ ಏನು? ನಿಯಮದ ಪ್ರಕಾರ ತೋಟಾದಲ್ಲಿ ಚರೆಯ (ಸಣ್ಣ ಸೀಸದ ಗುಂಡುಗಳ) ತೂಕ 24.5 ಗ್ರಾಂ ಮೀರುವಂತಿಲ್ಲ. 24 ಗ್ರಾಂನ ಏಳೂವರೆ ನಂಬರಿನ ತೋಟಾದಲ್ಲಿ ಹೆಚ್ಚುಕಡಿಮೆ 300 ಚರೆಗಳಿರುತ್ತವೆ. ತಟ್ಟೆ 32 ಮೀಟರಿನಲ್ಲಿ ಇದ್ದಾಗ ಹೊಡೆಯಬೇಕಾದವರು 37 ಮೀಟರಿನಲ್ಲಿ ಹೊಡೆದರೆ ಅಷ್ಟೇ ಚರೆ ಮೂರನೇ ಒಂದರಷ್ಟು ಹೆಚ್ಚು ಜಾಗಕ್ಕೆ ಹರಡಬೇಕು. ಗುರಿ ಸರಿಯಿದ್ದೂ ತಟ್ಟೆ ಎರಡು ಚರೆಗಳ ನಡುವೆ ನುಸುಳಿಹೋಗುವುದು ಹೀಗೆ. ಈ ಐದು ಮೀಟರಿಗೆ ಕಾರಣ ಕೇವಲ 0.2 ಸೆಕೆಂಡ್. ಹಾಗಾಗಿ ವೇಗ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ.

ಆದರೆ ಆ 0.7 ಸೆಕೆಂಡಿನಲ್ಲಿ ಸುಮಾರು 0.2 ಸೆಕೆಂಡ್ ಕಣ್ಣು ಕಂಡದ್ದನ್ನು ಮಿದುಳು ತಿಳಿದು ಕೈಕಾಲಿಗೆ ತಿಳಿಸುವುದಕ್ಕೇ ಹೋಗುತ್ತದೆ. ಅದನ್ನು ಯಾವ ಅಭ್ಯಾಸವೂ ಹೆಚ್ಚು ಕುಗ್ಗಿಸದು. ಉಳಿದ ಅರ್ಧ ಸೆಕೆಂಡಿನಲ್ಲಿ ಸೋರಿಹೋಗುವ ಸಮಯವನ್ನು ತಡೆಯಬಹುದು. ತಡವಾಗಿ ಕಾಣುವುದು, ತಪ್ಪು ದಿಕ್ಕಿಗೆ ಹೊರಟು ಹಿಂತಿರುಗುವುದು, ನಳಿಗೆಯ ತುದಿ ಕುಸಿದು ಮತ್ತೆ ಏಳುವುದು, ಕೊನೆಯ ಕ್ಷಣದಲ್ಲಿ ಗುರಿಯನ್ನು ಇನ್ನೊಮ್ಮೆ ನೋಡಿಕೊಳ್ಳುವುದು: ಸೋರಿಕೆ ಇರುವುದು ಈ ನಾಲ್ಕು ಕಡೆ. ‘ಬೇಗ’ ಎಂದು ಅವಸರಪಡಿಸಿದಾಗ ಇವುಗಳಲ್ಲಿ ಒಂದೂ ಕಡಿಮೆಯಾಗುವುದಿಲ್ಲ, ಎರಡನೆಯದಂತೂ ಹೆಚ್ಚುತ್ತದೆ.

ಮೊದಲು ಕಣ್ಣಿನ ವಿಚಾರ. ಕೊಡಗಿನ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ಹೊತ್ತಿಗೆ ಊರೂರಲ್ಲಿ ನಡೆಯುವ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ ಕಾಯಿ ಕದಲುವುದಿಲ್ಲ. ಒಂದು ಕಣ್ಣು ಮುಚ್ಚಿ, ಉಸಿರು ಹಿಡಿದು, ನಳಿಗೆಯ ತುದಿಯ ಮಣಿಯನ್ನು ಕಾಯಿಯ ಮೇಲೆ ನಿಲ್ಲಿಸಿ, ಕುದುರೆಯನ್ನು (ಟ್ರಿಗರ್) ಮೆಲ್ಲಗೆ ಅಮುಕುತ್ತೇವೆ. ಅಲ್ಲಿಗೆ ಅದು ಸರಿಯಾದ ವಿದ್ಯೆ. ಹಾರುವ ತಟ್ಟೆಗೆ ಇದರಲ್ಲಿ ಒಂದೂ ನಡೆಯದು. ಎರಡೂ ಕಣ್ಣು ತೆರೆದಿರಬೇಕು, ನೋಟ ಮಣಿಯ ಮೇಲಿರಬಾರದು. ಟ್ರ್ಯಾಪ್‌ನಲ್ಲಿ ನಡುವಿನ ಯಂತ್ರ ಎಲ್ಲಿದೆ ಎಂದು ತೋರಿಸುವ ಗುರುತು ಬಂಕರಿನ ಚಾವಣಿಯ ಮೇಲಿರುತ್ತದೆ. ನಳಿಗೆಯನ್ನು ಆ ಗುರುತಿನ ಬಳಿ ನಿಲ್ಲಿಸಿ, ನೋಟವನ್ನು ಅದರಾಚೆಗೆ ಕೆಲವು ಮೀಟರ್ ದೂರಕ್ಕೆ, ಯಾವುದನ್ನೂ ದಿಟ್ಟಿಸದೆ ಅಗಲವಾಗಿ ಹರಡಿಬಿಡಬೇಕು. ತಟ್ಟೆ ಬಿಡಲೆಂದು ಸ್ಪರ್ಧಿ ಕೂಗಿ ಕರೆದ ಮೇಲೆ ಮೊದಲು ಕಾಣುವುದು ಬಣ್ಣದ ಒಂದು ಗೆರೆ ಮಾತ್ರ. ಆ ಗೆರೆಗೇ ಕೋವಿಯನ್ನು ಹೊರಡಿಸಿದರೆ ದಿಕ್ಕು ತಪ್ಪುತ್ತದೆ. ಅದು ತಟ್ಟೆಯ ಆಕಾರವಾಗಿ ಕಂಡ ಮೇಲೆ ಹೊರಡಬೇಕು. ಈ ಒಂದು ಮಿಟುಕಿನ ತಾಳ್ಮೆ ಇರುವವರು ಒಟ್ಟಾರೆ ಬೇಗ ಹೊಡೆಯುತ್ತಾರೆ. ಕೋವಿ ಒಂದೇ ದಾರಿಯಲ್ಲಿ ಹೋಗುತ್ತದೆ, ತಿದ್ದಿಕೊಳ್ಳುವ ಕೆಲಸವಿರುವುದಿಲ್ಲ.

ಬಲಗೈಯವರಿಗೆ ಎಡಗಣ್ಣೇ ಬಲವಾಗಿದ್ದರೆ ಎರಡೂ ಕಣ್ಣು ತೆರೆದಾಗ ಈಡು ಪಕ್ಕಕ್ಕೆ ಹೋಗುತ್ತದೆ. ಎರಡೂ ಅಂಗೈ ಸೇರಿಸಿ ನಡುವೆ ಸಣ್ಣ ಕಿಂಡಿ ಮಾಡಿ, ಅದರಲ್ಲಿ ದೂರದ ಒಂದು ವಸ್ತುವನ್ನು ನೋಡಿ, ಒಂದೊಂದೇ ಕಣ್ಣು ಮುಚ್ಚಿದರೆ ಯಾವುದು ಬಲವಾದ ಕಣ್ಣು ಎಂದು ತಿಳಿಯುತ್ತದೆ. ಆ ಕಣ್ಣಿನ ಕನ್ನಡಕದ ಗಾಜಿಗೆ, ಕೋವಿ ಹೆಗಲಲ್ಲಿದ್ದಾಗ ಮಣಿ ಕಾಣುವ ಜಾಗದಲ್ಲಿ, ಮಸುಕಾದ ಟೇಪಿನ ಬೆರಳುಗುರಿನಷ್ಟು ತುಂಡು ಅಂಟಿಸಿದರೆ ಸಾಕಾಗುತ್ತದೆ. ಹೊಸಬರಲ್ಲಿ ಇದನ್ನು ಮೊದಲ ದಿನವೇ ನೋಡಬೇಕು. ನೋಡದೆ ತಿಂಗಳುಗಟ್ಟಲೆ ತೋಟಾ ಸುಟ್ಟರೆ ದುಡ್ಡೂ ಹೋಗುತ್ತದೆ, ಮಕ್ಕಳ ಆತ್ಮವಿಶ್ವಾಸವೂ ಹೋಗುತ್ತದೆ.

ಮುಂದಿನದು ಮೈ ತಿರುಗಿಸುವ ಕ್ರಮ. ಟ್ರ್ಯಾಪ್‌ನಲ್ಲಿ ಕೋವಿ ಮೊದಲೇ ಹೆಗಲಿನಲ್ಲಿರುತ್ತದೆ. ಅಲ್ಲಿಂದ ತೋಳುಗಳಿಂದ ದೂಡಬಾರದು. ಸೊಂಟ, ಮೊಣಕಾಲುಗಳಿಂದ ದೇಹದ ಇಡೀ ಮೇಲ್ಭಾಗ ಒಂದೇ ತುಂಡಾಗಿ ತಿರುಗಬೇಕು, ಮುಂಗಾಲಿನ ಮೇಲೆ ಭಾರ ಅರ್ಧಕ್ಕಿಂತ ತುಸು ಹೆಚ್ಚಿರಬೇಕು. ತೋಳು ಮಾತ್ರ ಓಡಿದರೆ ಕೋವಿ ಒಂದು ಬದಿಗೆ ವಾಲಿ, ಕೆನ್ನೆ ಸ್ಟಾಕಿನಿಂದ (ಕೋವಿಯ ಹಿಂಭಾಗದ ಹಿಡಿಕೆ) ಏಳುತ್ತದೆ. ಶಾಟ್‌ಗನ್ನಿಗೆ ಹಿಂದಿನ ಗುರಿಕಿಂಡಿ ಎಂದರೆ ನಮ್ಮ ಕಣ್ಣೇ. ಕೆನ್ನೆ ಎದ್ದರೆ ಈಡು ತಟ್ಟೆಯ ಮೇಲಿನಿಂದ ಹೋಗುತ್ತದೆ.

ಸ್ಕೀಟ್‌ನಲ್ಲಿ ವೇಗದ ಬಹುಪಾಲು ಕೋವಿ ಎತ್ತುವ ಕ್ರಮದಲ್ಲೇ ಇದೆ, ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಲ್ಲಿ ತಟ್ಟೆ ಕಾಣುವವರೆಗೂ ಬಟ್ (ಸ್ಟಾಕಿನ ಹಿಂತುದಿ) ಸೊಂಟದ ಮಟ್ಟದಲ್ಲಿ, ಜಾಕೆಟ್ಟಿನ ಮೇಲಿನ ಗುರುತುಪಟ್ಟಿಯ ಬಳಿಯೇ ಇರಬೇಕು. ಕರೆದ ಮೇಲೆ ತಟ್ಟೆ ತಕ್ಷಣವೂ ಬರಬಹುದು, 3 ಸೆಕೆಂಡಿನವರೆಗೆ ತಡವಾಗಿಯೂ ಬರಬಹುದು. ಸ್ಪರ್ಧಿ ನಿಂತು ಹೊಡೆಯುವ ಎಂಟು ನಿಲ್ದಾಣಗಳಲ್ಲಿ ಕೊನೆಯದಾದ ಎಂಟನೆಯದರಲ್ಲಿ ತಟ್ಟೆ ಮೈದಾನದ ನಡುಗೆರೆ ದಾಟುವ ಮೊದಲೇ ಒಡೆಯಬೇಕು, ಅಲ್ಲಿ ಸಿಗುವ ಸಮಯ ಹೆಚ್ಚೆಂದರೆ ಮುಕ್ಕಾಲು ಸೆಕೆಂಡ್. ಹೊಸಬರು ಹಿಂದಿನ ಕೈಯಿಂದ ಬಟ್ಟನ್ನು ಹೆಗಲಿಗೆ ಎಳೆದುಕೊಳ್ಳುತ್ತಾರೆ. ಆಗ ನಳಿಗೆಯ ತುದಿ ಕೆಳಗೆ ಕುಸಿಯುತ್ತದೆ, ಮತ್ತೆ ಏಳಬೇಕಾಗುತ್ತದೆ, ಏಳುವಾಗ ತಟ್ಟೆಯನ್ನು ದಾಟಿ ಮೇಲೆ ಹೋಗುತ್ತದೆ. ಇದನ್ನೇ ನಾವು ‘ನಿಧಾನ’ ಎನ್ನುತ್ತೇವೆ. ನಿಜವಾಗಿ ಆ ಹುಡುಗ ಒಂದೇ ದಾರಿಯನ್ನು ಮೂರು ಸಲ ನಡೆದಿದ್ದಾನೆ. ಎರಡೂ ಕೈ ಒಟ್ಟಿಗೆ ಏಳಬೇಕು, ಮುಂದಿನ ಕೈ ತಟ್ಟೆಯನ್ನು ಬೆರಳಿಟ್ಟು ತೋರಿಸುತ್ತಾ ಹೋಗಬೇಕು. ಬಟ್ ಹೆಗಲಿಗೆ ಮುಟ್ಟುವ ಹೊತ್ತಿಗೆ ನಳಿಗೆ ಆಗಲೇ ತಟ್ಟೆಯ ಜೊತೆ ಓಡುತ್ತಿರಬೇಕು. ಮುಖವನ್ನು ಸ್ಟಾಕಿಗೆ ಬಗ್ಗಿಸಬಾರದು, ಸ್ಟಾಕೇ ಕೆನ್ನೆಗೆ ಬರಬೇಕು.

ಇದನ್ನು ಕಲಿಯಲು ರೇಂಜೂ ಬೇಡ, ತೋಟಾವೂ ಬೇಡ. ಕೋವಿ ತೆರೆದು ಎರಡೂ ನಳಿಗೆ ಖಾಲಿ ಎಂದು ಕಣ್ಣಾರೆ ನೋಡಿ, ಇನ್ನೊಬ್ಬರಿಗೂ ತೋರಿಸಿ, ತೋಟಾಗಳನ್ನು ಬೇರೆ ಕೋಣೆಯಲ್ಲಿಟ್ಟು ಬೀಗ ಹಾಕಿ. ಜನರಿಲ್ಲದ ದಿಕ್ಕಿನ ಗೋಡೆಯನ್ನು ಆರಿಸಿಕೊಳ್ಳಿ. 12 ಬೋರಿನ ನಳಿಗೆಯ ಒಳವ್ಯಾಸ 18.5 ಮಿಲಿಮೀಟರಿನಷ್ಟು. ಒಂದೆರಡು ಸುತ್ತು ಟೇಪು ಸುತ್ತಿದ ಸಣ್ಣ ಪೆನ್ ಟಾರ್ಚ್ ಅದರ ಬಾಯಲ್ಲಿ ಕೂರುತ್ತದೆ. ಗೋಡೆಯೂ ಚಾವಣಿಯೂ ಸೇರುವ ಗೆರೆಯ ಒಂದು ಮೂಲೆಗೆ ಬೆಳಕು ಬಿಟ್ಟು ಕೋವಿ ಎತ್ತುತ್ತಾ ಆ ಗೆರೆಯುದ್ದಕ್ಕೂ ಬೆಳಕನ್ನು ಕೊಂಡೊಯ್ಯಿರಿ. ಬೆಳಕು ಗೆರೆಯಿಂದ ಕೆಳಗಿಳಿದರೆ ಹಿಂದಿನ ಕೈ ಮೊದಲು ಎದ್ದಿತು ಎಂದರ್ಥ. ಕೊನೆಯಲ್ಲಿ ಜಿಗಿದರೆ ಬಟ್ ಹೆಗಲಿಗೆ ಬಡಿಯಿತು ಎಂದರ್ಥ. ಮೊದಲ ವಾರಗಳಲ್ಲಿ ಒಂದೊಂದು ಸಲ ಕೋವಿ ಎತ್ತುವುದಕ್ಕೆ ಮೂರು ಎಣಿಸುವಷ್ಟು ನಿಧಾನ, ದಿನಕ್ಕೆ ಇಪ್ಪತ್ತೈದು ಸಲ ಸಾಕು. ಬೆಳಕು ಗೆರೆ ಬಿಡದಿದ್ದರೆ ಮಾತ್ರ ಎರಡು ಎಣಿಸುವಷ್ಟಕ್ಕೆ, ಆಮೇಲೆ ಒಂದಕ್ಕೆ ಬನ್ನಿ. ತೋಳು ದಣಿದ ಮೇಲೂ ಕೋವಿ ಎತ್ತುತ್ತಿದ್ದರೆ ಕೆಟ್ಟ ಅಭ್ಯಾಸವೇ ಕೂರುತ್ತದೆ, ಆದ್ದರಿಂದ ಅಲ್ಲಿಗೇ ನಿಲ್ಲಿಸಬೇಕು. ಬಟ್ ಕಂಕುಳಿಗೆ ಸಿಕ್ಕಿಕೊಳ್ಳುತ್ತಿದ್ದರೆ ಅಭ್ಯಾಸದಿಂದ ಸರಿಹೋಗದು, ಸ್ಟಾಕ್ ಉದ್ದವಾಗಿದೆ. ಅಪ್ಪನ ಅಳತೆಯ ಕೋವಿಯನ್ನು ಹದಿನಾರರ ಮಗಳ ಕೈಗೆ ಕೊಟ್ಟು ವೇಗ ಕೇಳುವುದು ಅನ್ಯಾಯ.

ನಿಲ್ಲುವ ಭಂಗಿಯಲ್ಲೂ ವೇಗ ಅಡಗಿದೆ. ಸ್ಕೀಟ್‌ನಲ್ಲಿ ಪಾದಗಳು ತಟ್ಟೆ ಹೊರಡುವ ಮನೆಯ (ಯಂತ್ರವಿರುವ ಗೂಡು) ಕಡೆಗಿರದೆ, ಅದನ್ನು ಒಡೆಯಬೇಕಾದ ಜಾಗದ ಕಡೆಗಿರಬೇಕು. ಹಾಗೆ ನಿಂತು ಸೊಂಟವನ್ನು ಮನೆಯತ್ತ ತಿರುಗಿಸಿದರೆ ಮೈ ಸಡಿಲವಾಗುತ್ತಾ ಒಡೆಯುವ ಜಾಗಕ್ಕೆ ಬರುತ್ತದೆ. ತಿರುಗುಮುರುಗಾಗಿ ನಿಂತರೆ ಮೈ ಬಿಗಿಯಾಗುತ್ತಾ ಹೋಗಿ, ಸರಿಯಾಗಿ ಕುದುರೆ ಎಳೆಯುವಲ್ಲೇ ಕೋವಿ ನಿಲ್ಲುತ್ತದೆ. ನಳಿಗೆಯನ್ನು ಮನೆಯಿಂದ ನಡುಬಿಂದುವಿನವರೆಗಿನ ದಾರಿಯ ಮೂರನೇ ಒಂದು ಭಾಗದಲ್ಲಿ ಹಿಡಿದು, ಕಣ್ಣನ್ನು ಅದಕ್ಕೂ ಹಿಂದೆ, ಮನೆಯತ್ತ ಇಡುವುದು ಶುರುವಿಗೆ ಒಳ್ಳೆಯದು. ಮನೆಗೆ ತೀರಾ ಹತ್ತಿರ ಹಿಡಿದರೆ ತಟ್ಟೆ ಮುಂದೆ ಓಡಿಹೋಗಿ ಬೆನ್ನಟ್ಟಬೇಕಾಗುತ್ತದೆ. ತೀರಾ ಆಚೆ ಹಿಡಿದರೆ ಕಾಯುತ್ತಾ ನಿಂತು, ತಟ್ಟೆ ದಾಟುವಾಗ ಕೋವಿ ನಿಂತಲ್ಲೇ ಇರುತ್ತದೆ.

ಕೋವಿ ನಿಲ್ಲುವುದು ಎಂದೆನಲ್ಲ, ತಟ್ಟೆ ತಪ್ಪಲು ಅತಿ ದೊಡ್ಡ ಕಾರಣ ಅದು. ನಾಲ್ಕನೇ ನಿಲ್ದಾಣದಲ್ಲಿ ತಟ್ಟೆ ಸುಮಾರು 19 ಮೀಟರ್ ದೂರದಲ್ಲಿ ಅಡ್ಡ ಹಾಯುತ್ತದೆ. ಚರೆ ಅಲ್ಲಿಗೆ ತಲುಪುವಷ್ಟರಲ್ಲಿ ಅದು ಒಂದು ಮೀಟರಿಗೂ ಹೆಚ್ಚು ಮುಂದೆ ಸರಿದಿರುತ್ತದೆ. ಆದ್ದರಿಂದ ನಳಿಗೆ ಅಷ್ಟು ಮುಂದೆಯೂ ಇರಬೇಕು, ಓಡುತ್ತಲೂ ಇರಬೇಕು. ‘ಸಾಕಷ್ಟು ಮುಂದಿದೆಯೇ’ ಎಂದು ಕಣ್ಣು ಮಣಿಯನ್ನು ನೋಡಿದ ಕ್ಷಣ ಕೈ ನಿಲ್ಲುತ್ತದೆ, ಈಡು ತಟ್ಟೆಯ ಹಿಂದೆ ಬೀಳುತ್ತದೆ. ಕಣ್ಣು ತಟ್ಟೆಯ ಮುಂಭಾಗದ ಅಂಚನ್ನು ಬಿಡಬಾರದು, ಒಡೆದ ಮೇಲೂ ಚೂರಿನ ಜೊತೆ ಕೋವಿ ಸ್ವಲ್ಪ ಓಡಬೇಕು. ಟ್ರ್ಯಾಪ್‌ನಲ್ಲಿ ಮೊದಲನೆಯದು ತಪ್ಪಿದಾಗ ಅದೇ ತಟ್ಟೆಗೆ ಹೊಡೆಯುವ ಎರಡನೇ ಈಡನ್ನು ಚುರುಕು ಮಾಡಲು ಇದೇ ದಾರಿ: ಅಭ್ಯಾಸದಲ್ಲಿ ಮೊದಲ ಈಡಿಗೆ ತಟ್ಟೆ ಒಡೆದರೂ ಕೆನ್ನೆ ಎತ್ತದೆ ಅತಿ ದೊಡ್ಡ ಚೂರಿಗೆ ಎರಡನೆಯದನ್ನು ಹೊಡೆಯಿರಿ. ಆದರೆ ಫೈನಲ್ಲಿನಲ್ಲಿ ಒಂದೇ ಈಡು ಇರುವುದರಿಂದ ವಾರದಲ್ಲಿ ಒಂದು ಸುತ್ತನ್ನಾದರೂ ಒಂದೇ ತೋಟಾ ತುಂಬಿ ಆಡುವುದು ಒಳ್ಳೆಯದು. ಎರಡನೆಯದಿದೆ ಎಂಬ ಧೈರ್ಯ ಮೊದಲನೆಯದನ್ನು ಸಡಿಲಗೊಳಿಸುತ್ತದೆ.

ವೇಗ ಹೆಚ್ಚಿತೋ ಇಲ್ಲವೋ ಎಂದು ಅಳೆಯಲು ಜೇಬಿನ ಫೋನು ಸಾಕು. ಟ್ರ್ಯಾಪ್‌ನಲ್ಲಿ ಧ್ವನಿ ಕೇಳಿದೊಡನೆ ಯಂತ್ರ ತಟ್ಟೆ ಬಿಡುತ್ತದೆ. ಆದ್ದರಿಂದ ಹಿಂದೆ ಇಟ್ಟ ಫೋನಿನಲ್ಲಿ ಧ್ವನಿ ದಾಖಲಿಸಿ, ಕರೆಯ ಆರಂಭಕ್ಕೂ ಈಡಿನ ಸದ್ದಿಗೂ ನಡುವಿನ ಅಂತರವನ್ನು ಯಾವುದಾದರೂ ಧ್ವನಿ ಸಂಪಾದನೆಯ ಆ್ಯಪಿನಲ್ಲಿ ಓದಬಹುದು. 25 ತಟ್ಟೆಗಳ ಸುತ್ತಿನಲ್ಲಿ ಒಡೆದವನ್ನೂ ತಪ್ಪಿದವನ್ನೂ ಬೇರೆ ಬೇರೆ ಬರೆದಿಡಿ. ಸರಾಸರಿಗಿಂತ ಏರುಪೇರನ್ನು ನೋಡಿ. 0.7ರ ಸುತ್ತಲೇ ಇರುವವರು 0.55ಕ್ಕೂ 0.9ಕ್ಕೂ ತೂಗಾಡುವವರಿಗಿಂತ ಮುಂದೆ ಹೋಗುತ್ತಾರೆ. ತಪ್ಪಿದವು ತೀರಾ ಬೇಗದವಾಗಿದ್ದರೆ ತಟ್ಟೆ ಕಾಣುವ ಮೊದಲೇ ಹೊರಡುತ್ತಿದ್ದೀರಿ; ತಡದವಾಗಿದ್ದರೆ ಮಣಿ ನೋಡುತ್ತಿದ್ದೀರಿ. ಸ್ಕೀಟ್‌ನಲ್ಲಿ ಕರೆಗೂ ತಟ್ಟೆಗೂ ನಡುವಿನ ಸಮಯ ಬದಲಾಗುವುದರಿಂದ ಈ ಅಳತೆ ಸುಳ್ಳು ಹೇಳುತ್ತದೆ, ಅಲ್ಲಿ ಒಟ್ಟಿಗೆ ಹಾರುವ ಜೋಡಿ ತಟ್ಟೆಗಳ ಎರಡು ಈಡುಗಳ ನಡುವಿನ ಅಂತರವನ್ನು ಅಳೆಯಬೇಕು.

ಕುದುರೆಯ ಬಗ್ಗೆ ಒಂದು ಮಾತು. ಕೆಲವರಿಗೆ ಎಲ್ಲ ಸರಿಯಾಗಿದ್ದೂ ಬೆರಳು ಅಲುಗುವುದಿಲ್ಲ. ಹೆಗಲಿಗೆ ಬೀಳುವ ಒದೆತದ ಅಂಜಿಕೆ ಇದಕ್ಕೆ ಸಾಮಾನ್ಯ ಕಾರಣ. ಬೆರಳು ಬಿಟ್ಟಾಗ ಸಿಡಿಯುವ ಟ್ರಿಗರ್‌ಗಳಿಗೆ ಅಂತರರಾಷ್ಟ್ರೀಯ ನಿಯಮದಲ್ಲಿ ಅವಕಾಶವಿಲ್ಲ. ಹಗುರ ತೋಟಾ, ಸರಿಯಾದ ಅಳತೆಯ ಸ್ಟಾಕ್, ದಿನಕ್ಕೆ ಕಡಿಮೆ ಈಡು, ಕಿವಿಗೆ ಒಳ್ಳೆಯ ರಕ್ಷಣೆ: ಇಷ್ಟರಿಂದಲೇ ಅದನ್ನು ಬಿಡಿಸಬೇಕು.

ಕೊನೆಯದಾಗಿ, ತೆಂಗಿನಕಾಯಿ ಸ್ಪರ್ಧೆ ನಡೆಸುವ ಸಂಘಗಳಲ್ಲಿ ಒಂದು ಕೋರಿಕೆ. ಹಬ್ಬದ ಹೊತ್ತಿಗೆ ಹಾರುವ ತಟ್ಟೆಯ ಒಂದು ಪ್ರದರ್ಶನ ಸುತ್ತನ್ನೂ ಸೇರಿಸಿ. ಕೈಯಿಂದ ಎಳೆದು ಬಿಡುವ ಒಂದು ಸಾದಾ ಯಂತ್ರ ಸಾಕು. ಪೊಲೀಸರ ಅನುಮತಿ ಪಡೆದು, ಈಡಿನ ದಿಕ್ಕಿನಲ್ಲಿ ಕನಿಷ್ಠ 300 ಮೀಟರ್ ಜನ, ದನ, ರಸ್ತೆ ಇಲ್ಲದಂತೆ ನೋಡಿಕೊಳ್ಳಬೇಕು. ಚರೆ ಸೀಸದ್ದು, ನೀರಿಗೆ ಸೇರಿದರೆ ವಿಷ. ಆದ್ದರಿಂದ ಗದ್ದೆ, ತೋಡು, ಕೆರೆಯ ಕಡೆಗೆ ಹೊಡೆಯುವ ಜಾಗ ಬೇಡವೇ ಬೇಡ. ಪ್ರತಿ ಸಲವೂ ಅದೇ ಒಣ ಜಾಗವನ್ನು ಬಳಸಿದರೆ ಮೇಲ್ಮಣ್ಣಿನೊಡನೆ ಚರೆಯನ್ನು ಗುಡಿಸಿ ತೆಗೆಯಲೂ ಆಗುತ್ತದೆ.

— ಶಾಟ್‌ಗನ್ ತರಬೇತುದಾರ, ವಿರಾಜಪೇಟೆ